ಹೇಳಿದ್ದೆಲ್ಲ ಸರಿಯೇ ಇತ್ತು, ಆದರೂ ಮಗಳು ಸುಮ್ಮನಾದಳು

ನಕ್ಷೆಗಾರ (ಚರ್ಚೆ ಆರಂಭಿಸಿದವರು)

ಕಟ್ಟಡದ ನಕ್ಷೆಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. 22 ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ. ತೊಲೆಯ ಭಾರ ಕಂಬಕ್ಕೆ ಸರಿಯಾಗಿ ಇಳಿಯುತ್ತಿದೆಯೇ, ಮೆಟ್ಟಿಲ ಕೆಳಗೆ ತಲೆ ತಾಗದಷ್ಟು ಎತ್ತರ ಇದೆಯೇ, ಕಬ್ಬಿಣದ ಲೆಕ್ಕ ಎಲ್ಲಾದರೂ ತಪ್ಪಿದೆಯೇ ಎಂದು ನೋಡಿ, ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ನಾನು ಒಂದು ತಪ್ಪು ಬಿಟ್ಟರೆ ನಾಳೆ ಅದರ ಕೆಳಗೆ ಯಾರೋ ನಿಂತಿರುತ್ತಾರೆ. ಆದ್ದರಿಂದ ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ.

ಆರು ತಿಂಗಳ ಹಿಂದೆ, 16 ವರ್ಷದ ಮಗಳು ಒಂದು ಯೋಜನೆ ಹೇಳಿದಳು. ದೊಡ್ಡ ತರಗತಿಯವರು ಓದಿ ಮುಗಿಸಿದ ಪಠ್ಯಪುಸ್ತಕಗಳನ್ನು ಸಂಗ್ರಹಿಸಿ ಚಿಕ್ಕವರಿಗೆ ಕೊಡುವುದು, ವರ್ಷದ ಕೊನೆಗೆ ವಾಪಸ್ ಪಡೆದು ಮುಂದಿನವರಿಗೆ ದಾಟಿಸುವುದು. ಎರಡು ಹಾಳೆ ತುಂಬ ಬರೆದುಕೊಂಡು ಬಂದಿದ್ದಳು. ನಾನು ಓದಿದೆ. ಹತ್ತು ನಿಮಿಷದಲ್ಲಿ ಏಳು ದೋಷ ತೋರಿಸಿದೆ. ಪುಸ್ತಕ ಎಲ್ಲಿ ಇಡುತ್ತೀ, ಪಠ್ಯಕ್ರಮ ಬದಲಾದರೆ ಏನು ಮಾಡುತ್ತೀ, ವಾಪಸ್ ಕೊಡದವರ ಹತ್ತಿರ ಯಾರು ಕೇಳುತ್ತಾರೆ, ಹರಿದ ಪುಸ್ತಕ ಯಾರಿಗೆ ಕೊಡುತ್ತೀ, ನಿನ್ನ ಪರೀಕ್ಷೆ ಹೊತ್ತಿಗೆ ಲೆಕ್ಕ ಯಾರು ಇಡುತ್ತಾರೆ, ಹೀಗೆ. ಒಂದೂ ಸುಳ್ಳಲ್ಲ. ಅವಳು "ಸರಿ ಅಪ್ಪ" ಅಂದು ಹಾಳೆ ಮಡಚಿಕೊಂಡು ಹೋದಳು.

ಅದಾದ ಮೇಲೆ ಅವಳು ಯಾವ ಯೋಜನೆಯನ್ನೂ ನನ್ನ ಹತ್ತಿರ ತಂದಿಲ್ಲ. ಅಮ್ಮನ ಹತ್ತಿರ ಹೇಳುತ್ತಾಳೆ. ನಾನು ಕೋಣೆಗೆ ಬಂದರೆ ಮಾತು ಬೇರೆ ಕಡೆ ಹೊರಳುತ್ತದೆ. ಮೊನ್ನೆ ಅವಳ ಕಪಾಟಿನಲ್ಲಿ ಆ ಎರಡು ಹಾಳೆ ಕಂಡವು. ನಾನು ಪೆನ್ಸಿಲಿನಲ್ಲಿ ಹಾಕಿದ ಏಳು ಗುರುತು ಹಾಗೇ ಇದ್ದವು. ಅಳಿಸಿಯೂ ಇರಲಿಲ್ಲ, ಉತ್ತರಿಸಿಯೂ ಇರಲಿಲ್ಲ.

ಕಚೇರಿಯಲ್ಲಿ ಕಟ್ಟಡ ಉಳಿಸುವ ಇದೇ ಬುದ್ಧಿ ಮನೆಯಲ್ಲಿ ಯಾಕೆ ಕೆಡವಿತು? ಸುಳ್ಳು ಹೇಳಿ ಹುರಿದುಂಬಿಸಬೇಕಿತ್ತೇ? ತಿಳಿದವರು ಹೇಳಿ.

---

ಹೊಸಿಲದೀಪ

ನಿಮ್ಮ ಕಚೇರಿಯ ಕೆಂಪು ಗುರುತಿಗೂ ಮನೆಯ ಪೆನ್ಸಿಲ್ ಗುರುತಿಗೂ ಒಂದು ವ್ಯತ್ಯಾಸ ಕಾಣುತ್ತಿದೆ. ಕಚೇರಿಯಲ್ಲಿ ನಕ್ಷೆ ತಿದ್ದಿಸಿಕೊಂಡು ನಿಮ್ಮ ಮೇಜಿಗೆ ಮತ್ತೆ ಬರುತ್ತದೆ. ಕಟ್ಟಡ ಏಳುವುದು ಆಗಲೇ ನಿರ್ಧಾರವಾಗಿರುತ್ತದೆ. ನಿಮ್ಮ ಮಗಳ ಯೋಜನೆ ಏಳಬೇಕೋ ಬೇಡವೋ ಅನ್ನುವುದೇ ಅವತ್ತು ತೀರ್ಮಾನವಾಗಬೇಕಿತ್ತು. ಕಟ್ಟುವವರಿಗೆ ಕೊಟ್ಟರೆ ತಿದ್ದುಪಡಿ ಆಗುವ ಮಾತು, ಕಟ್ಟಲೋ ಬೇಡವೋ ಅನ್ನುವವರಿಗೆ ಕೊಟ್ಟರೆ ತೀರ್ಪು ಆಗುತ್ತದೆ.

---

ತರ್ಕಪ್ರಿಯೆ

ಈ ಪ್ರಶ್ನೆ ಬಹಳ ಹಳೆಯದು, ನಮ್ಮ ದಿನನಿತ್ಯದ ಕನ್ನಡದಲ್ಲೇ ಅದರ ಗುರುತು ಉಳಿದಿದೆ. ಯಾರಾದರೂ ಸುಮ್ಮನೆ ಮಾತು ಬೆಳೆಸಿದರೆ "ವಿತಂಡವಾದ ಮಾಡಬೇಡ" ಅನ್ನುತ್ತೇವಲ್ಲ, ಅದು ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯ ದರ್ಶನದ ಪಾರಿಭಾಷಿಕ ಪದ. ಅಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ನೋಡುತ್ತಾರೆ. ಇಬ್ಬರೂ ನಿಜ ತಿಳಿಯುವುದಕ್ಕಾಗಿ ಕೂತು ಮಾತಾಡಿದರೆ ವಾದ. ಗೆಲ್ಲುವುದೇ ಗುರಿಯಾಗಿ, ಅದಕ್ಕೆ ಮಾತಿನ ಚಮತ್ಕಾರವನ್ನೂ ಬಳಸಿದರೆ ಜಲ್ಪ. ತನ್ನದೊಂದು ಪಕ್ಷವನ್ನು ಮಂಡಿಸದೆ, ಎದುರಿನವರದ್ದನ್ನು ಮಾತ್ರ ಕೆಡವುತ್ತಾ ಹೋದರೆ ವಿತಂಡ.

ವಿತಂಡ ಎಂದರೆ ಸುಳ್ಳು ಹೇಳುವುದಲ್ಲ. ವಿತಂಡಿಯ ಪ್ರತಿ ಮಾತೂ ಸರಿ ಇರಬಹುದು. ಅವನಿಗೆ ನಿಲ್ಲಲು ಸ್ವಂತ ಜಾಗ ಇಲ್ಲ, ಅಷ್ಟೇ. ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗೆಯೇ ಏಳು ದೋಷ ಹೇಳಿದ ಮೇಲೆ ನಿಮಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಅವಳಿಗೆ ಎಲ್ಲ ಇತ್ತು. ಕಠಿಣವಾಗಿ ಹೇಳುತ್ತಿದ್ದೇನೆ ಅನ್ನಿಸಿದರೆ ಕ್ಷಮಿಸಿ, ಆದರೆ ನೀವು ನಿಜವಾಗಿ ಕೇಳಿದ್ದೀರಿ ಅಂತ ಹೇಳುತ್ತಿದ್ದೇನೆ.

ಆಯುರ್ವೇದದ ಚರಕ ಸಂಹಿತೆಯಲ್ಲೂ ವೈದ್ಯರ ನಡುವಿನ ಚರ್ಚೆಯನ್ನು ಎರಡಾಗಿ ಬಿಡಿಸಿದ್ದಾರೆ. ಸಂಧಾಯ ಸಂಭಾಷೆ, ಅಂದರೆ ಜೊತೆಗೂಡಿ ಆಡುವುದು. ವಿಗೃಹ್ಯ ಸಂಭಾಷೆ, ಅಂದರೆ ಎದುರಾಗಿ ಆಡುವುದು. ಯಾರ ಜೊತೆ ಯಾವುದು ತಕ್ಕದ್ದು ಅಂತಲೂ ಅಲ್ಲಿ ಚರ್ಚೆ ಇದೆ. ರೋಗಿಯ ಜೀವ ಎದುರಿಗಿರುವ ವೃತ್ತಿಯಲ್ಲೂ, ತಿಳಿವಳಿಕೆ ಎಷ್ಟಿದೆ ಅನ್ನುವುದರ ಜೊತೆಗೆ ಅದನ್ನು ಎದುರಿನವರ ಮುಂದೆ ಹೇಗೆ ಇಡಬೇಕು ಅನ್ನುವುದನ್ನೂ ಕಲಿಯಬೇಕಾದ ವಿದ್ಯೆ ಅಂತಲೇ ಎಣಿಸಿದ್ದರು.

---

ಇರುಳಪಾಳಿ

ವೈದ್ಯರ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ನರ್ಸ್. ನಮಗೆ ತರಬೇತಿಯಲ್ಲಿ ಕೈತೊಳೆಯುವ ಪಾಠ ಬಂದಾಗಲೆಲ್ಲ ಸೆಮ್ಮೆಲ್‌ವೈಸ್ ಹೆಸರು ಬರುತ್ತದೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರಾಗಿ ಇದ್ದವರು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಗೆ ಬರುತ್ತಿದ್ದ ವೈದ್ಯರ, ವಿದ್ಯಾರ್ಥಿಗಳ ಕೈಯಿಂದಲೇ ಬಾಣಂತಿ ಜ್ವರ ಹರಡುತ್ತಿದೆ ಎಂದು ಅವರಿಗೆ ಹೊಳೆಯಿತು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಲೇಬೇಕು ಅಂತ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಇದಕ್ಕಿಂತ ಒಳ್ಳೆಯ ಆಲೋಚನೆ ಒಬ್ಬ ಮನುಷ್ಯನಿಗೆ ಹೊಳೆಯಲು ಸಾಧ್ಯವೇ? ಆದರೂ ಅದು ಹರಡಲಿಲ್ಲ. ಕಾರಣ ಹಲವು. ಸೂಕ್ಷ್ಮಾಣುಗಳ ಸಿದ್ಧಾಂತ ಇನ್ನೂ ಬಂದಿರಲಿಲ್ಲ. ತಮ್ಮ ಕೈಯಿಂದಲೇ ಸಾವು ಬಂತು ಅಂತ ಒಪ್ಪುವುದು ಯಾವ ವೈದ್ಯನಿಗೂ ಸುಲಭವಲ್ಲ. ಜೊತೆಗೆ ಅವರೇ ವಿವರವಾಗಿ ಬರೆದು ಪುಸ್ತಕ ಮಾಡಿದ್ದು 1861ರಲ್ಲಿ, 14 ವರ್ಷ ತಡವಾಗಿ. ಆಮೇಲೆ ಒಪ್ಪದವರಿಗೆ ಬಹಿರಂಗ ಪತ್ರಗಳನ್ನು ಬರೆದರು, ಅವರನ್ನು ಕೊಲೆಗಾರರು ಎಂದು ಕರೆದರು. ಅವರ ನೋವು ನನಗೆ ಅರ್ಥವಾಗುತ್ತದೆ, ತಾಯಂದಿರು ಸಾಯುತ್ತಿದ್ದರು. ಆದರೆ ಕೊಲೆಗಾರ ಅಂತ ಕರೆಸಿಕೊಂಡವನು ಕೈ ತೊಳೆಯಲು ಹೋಗುವುದಿಲ್ಲ, ತಾನು ಕೊಲೆಗಾರನಲ್ಲ ಅಂತ ಸಾಬೀತು ಮಾಡಲು ಹೋಗುತ್ತಾನೆ. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ 47 ವರ್ಷ.

ನಾನು ಇದನ್ನು ವಾರ್ಡಿನಲ್ಲಿ ಪ್ರತಿ ವಾರ ನೋಡುತ್ತೇನೆ. ಹೊಸಬಳು ಸಿರಿಂಜ್ ತಪ್ಪಾಗಿ ಹಿಡಿದಿದ್ದಾಳೆ ಅಂತಿಟ್ಟುಕೊಳ್ಳಿ. "ನಿನಗೆ ಯಾರು ಪಾಸ್ ಮಾಡಿದರು" ಅಂದರೆ ಅವಳು ಮುಂದಿನ ಸಲ ನಾನಿಲ್ಲದಾಗ ಅದೇ ತಪ್ಪು ಮಾಡುತ್ತಾಳೆ. ಕೈ ಹಿಡಿದು ತಿದ್ದಿದರೆ ಮುಂದಿನ ಸಲ ತಾನೇ ಕರೆದು "ಅಕ್ಕ, ಇದು ಸರಿಯಾ ನೋಡಿ" ಅನ್ನುತ್ತಾಳೆ. ತಪ್ಪು ಮುಚ್ಚಿಟ್ಟರೆ ವಾರ್ಡಿನಲ್ಲಿ ರೋಗಿ ಸಾಯುತ್ತಾನೆ. ನಮಗೆ ಅದು ಸೌಜನ್ಯದ ಪ್ರಶ್ನೆ ಅಲ್ಲವೇ ಅಲ್ಲ.

---

ಒಪ್ಪದವನು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಈಚೆ ನಿಲ್ಲುತ್ತೇನೆ.

ಟೀಕೆ "ರಚನಾತ್ಮಕ" ಆಗಿರಬೇಕು ಅನ್ನುವ ಮಾತು ಕೇಳಿದರೆ ನನಗೆ ಭಯ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಒಂದು ನಿಯಮವಿತ್ತು: ಪರಿಹಾರ ಇಲ್ಲದೆ ಸಮಸ್ಯೆ ತರಬೇಡಿ. ಕೇಳಲು ಚೆನ್ನಾಗಿದೆ. ನಡೆದದ್ದು ಏನೆಂದರೆ, ಪರಿಹಾರ ಗೊತ್ತಿಲ್ಲದವರು ಸಮಸ್ಯೆ ಕಂಡರೂ ಬಾಯಿ ಮುಚ್ಚಿಕೊಂಡರು. ದೊಡ್ಡ ಸಮಸ್ಯೆಗಳು ಮೊದಲು ಕಾಣುವುದು ಕೆಳಗಿನವರಿಗೆ, ಪರಿಹರಿಸುವ ಅಧಿಕಾರ ಇರುವುದು ಮೇಲಿನವರಿಗೆ. ಆ ನಿಯಮ ಇಬ್ಬರ ನಡುವೆ ಗೋಡೆ ಕಟ್ಟಿತು.

1986ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ಗೆ ಆದ ದುರಂತ ನೆನಪಿಸಿಕೊಳ್ಳಿ. ಉಡಾವಣೆಯ ಹಿಂದಿನ ರಾತ್ರಿ, ಜನವರಿ 27ರಂದು, ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ಬೇಡ ಅಂದರು. ಬೂಸ್ಟರಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಚಳಿಗೆ ಗಡಸಾಗುತ್ತವೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬಾರದು ಅಂದರು. ರೋಜರ್ ಬೊಯ್ಸ್‌ಜೋಲಿ ಎಂಬ ಎಂಜಿನಿಯರ್ ಆರು ತಿಂಗಳ ಹಿಂದೆಯೇ ಬರೆದು ಎಚ್ಚರಿಸಿದ್ದರು. ಆ ರಾತ್ರಿ ಅವರ ಹತ್ತಿರ ಪರಿಹಾರ ಇರಲಿಲ್ಲ. ಎಷ್ಟು ಚಳಿಗೆ ಎಷ್ಟು ಅಪಾಯ ಅನ್ನುವ ಪೂರ್ತಿ ಅಂಕಿಗಳೂ ಇರಲಿಲ್ಲ. ಬೇಡ ಅನ್ನುವುದೊಂದೇ ಇತ್ತು. ಅಪಾಯವಿದೆ ಅಂತ ನೀವೇ ಸಾಬೀತು ಮಾಡಿ ಅನ್ನುವಂತೆ ಅವರನ್ನು ಒತ್ತಾಯಿಸಲಾಯಿತು, ಕೊನೆಗೆ ಅವರ ಮೇಲಧಿಕಾರಿಗಳು ಒಪ್ಪಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ಹಾರಿದ 73 ಸೆಕೆಂಡಿಗೆ ನೌಕೆ ಒಡೆಯಿತು, ಅದರಲ್ಲಿದ್ದ ಏಳು ಜನರ ಜೀವ ಹೋಯಿತು.

ತರ್ಕಪ್ರಿಯೆಯವರೇ, ನಿಮ್ಮ ಅಳತೆಗೋಲಿನಲ್ಲಿ ಬೊಯ್ಸ್‌ಜೋಲಿ ವಿತಂಡಿ ಆಗುತ್ತಾರೆ. ತಮ್ಮದೊಂದು ಪಕ್ಷ ಇಡಲಿಲ್ಲ, ಎದುರಿನವರ ಯೋಜನೆ ನಿಲ್ಲಿಸಲು ಮಾತ್ರ ನೋಡಿದರು. ಆದರೆ ಆ ರಾತ್ರಿ ಅತ್ಯಂತ ರಚನಾತ್ಮಕವಾದ ಮಾತು ಅದೇ ಆಗಿತ್ತು.

---

ತರ್ಕಪ್ರಿಯೆ

ಒಪ್ಪದವನು ಅವರೇ, ನಿಮ್ಮ ಉದಾಹರಣೆ ನನ್ನನ್ನು ಒಂದು ರಾತ್ರಿ ಯೋಚನೆಗೆ ಹಚ್ಚಿತು. ನೀವು ಸರಿ, ನಾನು ಮೇಲೆ ಬರೆದದ್ದು ಅವಸರದ್ದು. ಪರಿಹಾರ ಇದೆಯೋ ಇಲ್ಲವೋ ಅನ್ನುವುದು ಗೆರೆಯಲ್ಲ.

ಆದರೆ ಬೊಯ್ಸ್‌ಜೋಲಿ ಅವರಿಗೆ ಒಂದು ಪಕ್ಷ ಇತ್ತು ಅಂತ ನನಗನ್ನಿಸುತ್ತದೆ: ಆ ಏಳು ಜನ ಬದುಕಬೇಕು. ಅದಕ್ಕಾಗಿ ತಮ್ಮ ಕೆಲಸ, ಹೆಸರು ಎರಡನ್ನೂ ಪಣಕ್ಕಿಟ್ಟು ಮಾತಾಡಿದರು. ದುರಂತದ ನಂತರ ತನಿಖಾ ಆಯೋಗದ ಮುಂದೆ ನಿಂತು ದಾಖಲೆಗಳ ಸಮೇತ ಹೇಳಿದರು. ಅಂದರೆ ಹೇಳಿದ ಮಾತಿನ ಪಕ್ಕದಲ್ಲೇ ಉಳಿದರು. ಮೊಸರಲ್ಲಿ ಕಲ್ಲು ಹುಡುಕುವವರು ಕಲ್ಲು ಎಸೆದು ಎದ್ದು ಹೋಗುತ್ತಾರೆ. ಈಗ ನನ್ನ ಗೆರೆ ಅಲ್ಲಿದೆ: ಹೇಳಿದ ಮೇಲೆ ಉಳಿಯುತ್ತೀರಾ, ಹೋಗುತ್ತೀರಾ?

---

ಒಪ್ಪದವನು

ಇದನ್ನು ಒಪ್ಪುತ್ತೇನೆ.

---

ಕಡಲತಡಿ

ವಿಜ್ಞಾನ ಎರಡಲುಗಿನ ಕತ್ತಿ ಅಲ್ಲವೇ? ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ಗೊಬ್ಬರಕ್ಕೆ ದಾರಿ ಮಾಡಿಕೊಟ್ಟರು, ಅದೇ ಮನುಷ್ಯ 1915ರಲ್ಲಿ ಈಪ್ರ್‌ ಯುದ್ಧಭೂಮಿಯಲ್ಲಿ ಕ್ಲೋರಿನ್ ಅನಿಲ ಬಿಡಿಸುವ ಮೇಲ್ವಿಚಾರಣೆ ಮಾಡಿದರು. 1918ರ ನೊಬೆಲ್ ಕೂಡ ಸಿಕ್ಕಿತು.

---

ಹೊಸಿಲದೀಪ

ಕಡಲತಡಿಯವರೇ, ನೀವು ಹೇಳಿದ್ದು ನಿಜ. ಆದರೆ ಇಷ್ಟು ದೊಡ್ಡ ಉದಾಹರಣೆ ಬಂದಾಗ ನಾವು "ನಾನಂತೂ ವಿಷಾನಿಲ ಬಿಟ್ಟಿಲ್ಲ" ಅಂತ ನಿರಾಳವಾಗಿಬಿಡುತ್ತೇವೆ. ಮನೆಯೊಳಗೆ ನಾವು ಬಳಸುವ ಆಯುಧ ಬೇರೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ತನ್ನ ಬಾಲ್ಯದ ಒಂದು ಅವಮಾನ ಹೇಳಿಕೊಂಡಿದ್ದರು. ನಾಲ್ಕು ವರ್ಷದ ನಂತರ ಒಂದು ಜಗಳದಲ್ಲಿ ನಾನು ಅದನ್ನೇ ಎತ್ತಿ ಆಡಿದೆ. ಆ ಕ್ಷಣ ನನಗೆ ಅದು ಬಹಳ ಚುರುಕಾದ ಒಳನೋಟ ಅನ್ನಿಸಿತ್ತು: "ಅವತ್ತು ಹಾಗಾಗಿದ್ದಕ್ಕೇ ನೀವು ಇವತ್ತು ಹೀಗೆ ಆಡುತ್ತೀರಿ." ವಿಶ್ಲೇಷಣೆ ಸರಿಯೇ ಇತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅವರು ಮುಖ ತಿರುಗಿಸಿ ಎದ್ದು ಹೋದರು. ಅವರಾಗಿ ತಮ್ಮ ಬಗ್ಗೆ ಮತ್ತೆ ಏನಾದರೂ ಹೇಳಿಕೊಳ್ಳಲು ಎರಡು ವರ್ಷ ಹಿಡಿಯಿತು. ಒಬ್ಬರ ಬಗ್ಗೆ ನಮಗೆ ತಿಳಿದಿರುವುದು ಅವರನ್ನು ಆರೈಕೆ ಮಾಡಲು ಅವರೇ ಕೊಟ್ಟದ್ದು. ನಾನು ಅದರಿಂದಲೇ ಹೊಡೆದೆ.

ಆಮೇಲೆ ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಜಾನ್ ಗಾಟ್‌ಮನ್ ಮಾಡುವ ಒಂದು ಭೇದ ನನಗೆ ಉಪಯೋಗಕ್ಕೆ ಬಂತು. ನಡೆದದ್ದರ ಬಗ್ಗೆ ದೂರುವುದು ಒಂದು, ಮನುಷ್ಯನ ಸ್ವಭಾವವನ್ನೇ ದೂರುವುದು ಇನ್ನೊಂದು. "ನಿನ್ನೆ ಫೋನ್ ಮಾಡಲಿಲ್ಲ, ಕಾದೆ" ಅನ್ನುವುದಕ್ಕೆ ಉತ್ತರ ಇದೆ. "ನಿಮಗೆ ಯಾರ ಬಗ್ಗೆಯೂ ಕಾಳಜಿ ಇಲ್ಲ" ಅನ್ನುವುದಕ್ಕೆ ಏನು ಉತ್ತರ ಕೊಡಲು ಸಾಧ್ಯ?

---

ಬೆಳಗಿನ ಜಾವ

ಯಾರೂ ಹೇಳದ ಇನ್ನೊಂದು ಕಡೆ ಇದೆ. ಕೆಲವರ ಬುದ್ಧಿ ಹೊಡೆಯುವುದು ಬೇರೆಯವರನ್ನಲ್ಲ, ತಮ್ಮನ್ನೇ. ನಾನು ಅಂಥವಳು. ಒಂದು ಸಂದರ್ಶನಕ್ಕೆ ಹೋಗುವ ಹಿಂದಿನ ರಾತ್ರಿ ಅದು ಕೆಡಬಹುದಾದ 20 ರೀತಿಗಳನ್ನು ದೃಶ್ಯದಂತೆ ಕಟ್ಟಬಲ್ಲೆ. ಅದೇ ಕಲ್ಪನಾಶಕ್ತಿಯಿಂದ ನಾನು ಮಕ್ಕಳಿಗೆ ಕತೆ ಕಟ್ಟಿ ಹೇಳುತ್ತೇನೆ, ಅಂದರೆ ಶಕ್ತಿ ಎರಡಿಲ್ಲ, ಒಂದೇ.

ನನಗೆ ಸಹಾಯ ಆದದ್ದು ಬರೆಯುವುದು. ತಲೆಯಲ್ಲಿ ಸುತ್ತುತ್ತಿರುವಾಗ "ನಾನು ಯಾಕೆ ಹೀಗೆ" ಅನ್ನುವ ಪ್ರಶ್ನೆಗೆ ಕೊನೆಯೇ ಇರುವುದಿಲ್ಲ. ಕಾಗದಕ್ಕೆ ಬಂದಾಗ ನಾನು ಅದನ್ನು "ಹೀಗಾದರೆ ಏನು ಮಾಡಲಿ" ಅಂತ ತಿರುಗಿಸಿ ಬರೆಯುತ್ತೇನೆ. ಪ್ರಶ್ನೆ ಮರೆತುಹೋದರೆ ನೀರು ಕುಡಿದು ಇನ್ನೊಮ್ಮೆ ಕೇಳಲು ವಿನಂತಿಸುತ್ತೇನೆ, ಹೀಗೆ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು "ಹೀಗಾದರೆ ಹೀಗೆ ಮಾಡುವೆ" ಅನ್ನುವ ಈ ಬಗೆಯ ಮುಂಗಡ ಸಂಕಲ್ಪಗಳ ಬಗ್ಗೆ 1990ರ ದಶಕದಿಂದ ಕೆಲಸ ಮಾಡಿದ್ದಾರೆ. ನನಗೆ ಗೊತ್ತಿರುವುದು ಇಷ್ಟೇ: 20 ಭಯಗಳಲ್ಲಿ ಮೂರಕ್ಕೋ ನಾಲ್ಕಕ್ಕೋ ಮಾತ್ರ ನಾನು ಮಾಡಬಹುದಾದ್ದು ಏನಾದರೂ ಇರುತ್ತದೆ. ಅವನ್ನು ಬರೆದಿಟ್ಟ ಮೇಲೆ ನಿದ್ದೆ ಬರುತ್ತದೆ.

ನಕ್ಷೆಗಾರರೇ, ನಿಮ್ಮ ಮಗಳ ಕಪಾಟಿನ ಹಾಳೆ ಓದಿ ನನಗೆ ಅನ್ನಿಸಿದ್ದು ಇದು. ಆ ಏಳು ಗುರುತು ಅವಳ ತಲೆಯೊಳಗೂ ಕೂತಿರಬಹುದು, ನಿಮ್ಮ ದನಿಯಲ್ಲಿ. ಬೇಗ ಮಾತಾಡಿ.

---

ಮಣ್ಣಿನ ಮಾತು

ತಂಡಗಳಲ್ಲಿ ಚರ್ಚೆ ನಡೆಸುವುದು ನನ್ನ ಕೆಲಸ, ಆದ್ದರಿಂದ ನಕ್ಷೆಗಾರರ ಎರಡನೇ ಪ್ರಶ್ನೆಗೆ ಬರುತ್ತೇನೆ: ಸುಳ್ಳು ಹೇಳಿ ಹುರಿದುಂಬಿಸಬೇಕಿತ್ತೇ?

ಬೇಡ. ಅಲೆಕ್ಸ್ ಆಸ್ಬರ್ನ್ ಎಂಬ ಜಾಹೀರಾತು ಕ್ಷೇತ್ರದವರು ಬ್ರೈನ್‌ಸ್ಟಾರ್ಮಿಂಗ್ ಅನ್ನುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅದರ ಮುಖ್ಯ ನಿಯಮವೇ ಆರಂಭದಲ್ಲಿ ಯಾರೂ ಟೀಕಿಸಬಾರದು ಎಂಬುದು. ಎಲ್ಲರಿಗೂ ಇಷ್ಟವಾಯಿತು. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆಬೇರೆಯಾಗಿ ಯೋಚಿಸಿದ ನಾಲ್ವರ ಆಲೋಚನೆಗಳನ್ನು ಕೂಡಿಸಿದಾಗಲೇ ಹೆಚ್ಚು ಬಂದವು. 2004ರಲ್ಲಿ ಚಾರ್ಲನ್ ನೆಮೆತ್ ಮತ್ತು ಜೊತೆಯವರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಪ್ರಯೋಗ ಮಾಡಿದಾಗ, "ಟೀಕಿಸಬೇಡಿ" ಅಂತ ಹೇಳಿಸಿಕೊಂಡ ಗುಂಪುಗಳಿಗಿಂತ "ಚರ್ಚಿಸಿ, ಟೀಕಿಸಿ" ಅಂತ ಹೇಳಿಸಿಕೊಂಡ ಗುಂಪುಗಳೇ ಮುಂದಿದ್ದವು. ಟೀಕೆ ಆಲೋಚನೆಯನ್ನು ಕೊಲ್ಲಲೇಬೇಕು ಅಂತೇನಿಲ್ಲ. ಆ ಗುಂಪಿನಲ್ಲಿ ಟೀಕೆ ಬರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು, ಎಲ್ಲರೂ ಎಲ್ಲರದ್ದನ್ನೂ ಟೀಕಿಸಬಹುದಿತ್ತು. ಇದು ನನ್ನ ಓದು. ನಿಮ್ಮ ಮನೆಯಲ್ಲಿ ಒಂದು ಕಡೆಯಿಂದ ಮಾತ್ರ ಬಂತು, ಅದೂ ತಂದೆಯಿಂದ.

ನಾನು ಬಳಸುವ ಒಂದು ದಾರಿ ಹೇಳುತ್ತೇನೆ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಬರೆದದ್ದು, ಪ್ರೀ-ಮಾರ್ಟಮ್ ಅನ್ನುತ್ತಾರೆ. ಪೋಸ್ಟ್‌ಮಾರ್ಟಮ್ ಸತ್ತ ಮೇಲೆ, ಇದು ಹುಟ್ಟುವ ಮೊದಲೇ. ಯೋಜನೆ ಮಾಡಿದವರನ್ನೇ ಕೂರಿಸಿ, "ಒಂದು ವರ್ಷ ಕಳೆಯಿತು ಅಂತಿಟ್ಟುಕೊಳ್ಳಿ, ಇದು ಪೂರ್ತಿ ನೆಲಕಚ್ಚಿದೆ, ಯಾಕೆ ಅಂತ ಬರೆಯಿರಿ" ಅನ್ನುವುದು. ಜನ ಬಿಚ್ಚಿ ಬರೆಯುತ್ತಾರೆ, ಯಾಕೆಂದರೆ ಇಲ್ಲಿ ದೋಷ ಕಾಣುವುದು ಯೋಜನೆಗೆ ಮಾಡುವ ದ್ರೋಹ ಅಲ್ಲ, ಅದನ್ನು ಉಳಿಸುವ ಜಾಣತನ. ದೋಷಗಳು ಅವವೇ ಇರುತ್ತವೆ, ಬರುವ ದಿಕ್ಕು ಬೇರೆ.

ಒಂದು ಎಚ್ಚರಿಕೆ ಮಾತ್ರ. ಉತ್ತರ ಮೊದಲೇ ಜೇಬಿನಲ್ಲಿಟ್ಟುಕೊಂಡು ಕೇಳಬೇಡಿ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

---

ನಕ್ಷೆಗಾರ

ಎಲ್ಲ ಓದಿದೆ, ಕೆಲವನ್ನು ಎರಡು ಸಲ. ಎದ್ದು ಹೋಗುವುದು, ಉಳಿಯುವುದು ಅನ್ನುವ ಮಾತು ಮನಸ್ಸಿನಲ್ಲಿ ನಿಂತಿತು. ಅವತ್ತು ಏಳನೆಯದನ್ನು ಹೇಳಿ ನಾನು ನಿಜವಾಗಿಯೂ ಎದ್ದು ಹೋಗಿದ್ದೆ. ಫೋನ್ ಬಂದಿತ್ತು.

ನಿನ್ನೆ ರಾತ್ರಿ ಅವಳ ಕೋಣೆಗೆ ಹೋದೆ. ಆ ಹಾಳೆ ನೋಡಿದೆ ಅಂತ ಹೇಳಿದೆ, ಕಪಾಟು ತೆರೆದದ್ದಕ್ಕೆ ಕ್ಷಮೆ ಕೇಳಿದೆ. ಮಣ್ಣಿನ ಮಾತು ಅವರು ಹೇಳಿದ ಪ್ರಶ್ನೆ ಕೇಳಬೇಕು ಅಂತ ಹೋಗಿದ್ದೆ, ಆದರೆ ಬಾಯಿಗೆ ಬಂದದ್ದು ಬೇರೆ. "ಅವತ್ತು ನಿನಗೆ ಏನನ್ನಿಸಿತು?" ಅಂತ ಕೇಳಿದೆ.

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನೀವು ಹೇಳಿದ ಏಳರಲ್ಲಿ ಐದು ನನಗೂ ಗೊತ್ತಿತ್ತು ಅಪ್ಪ. ಎರಡನೇ ಹಾಳೆಯ ಹಿಂದೆ ಬರೆದಿದ್ದೆ. ನೀವು ತಿರುಗಿಸಲಿಲ್ಲ."

ಹಾಳೆ ತೆಗೆದುಕೊಟ್ಟಳು. ತಿರುಗಿಸಿದೆ. ಪುಸ್ತಕ ಇಡುವ ಜಾಗ, ಹರಿದದ್ದಕ್ಕೆ ಬೈಂಡಿಂಗ್ ಮಾಡಲು ಬರುವ ಒಬ್ಬ ಗೆಳತಿ, ಪರೀಕ್ಷೆ ತಿಂಗಳಲ್ಲಿ ಲೆಕ್ಕ ನೋಡಿಕೊಳ್ಳಲು ಚಿಕ್ಕ ತರಗತಿಯ ಇಬ್ಬರು. ಪುಟ್ಟ ಅಕ್ಷರದಲ್ಲಿ ಎಲ್ಲ ಇತ್ತು. 22 ವರ್ಷದಲ್ಲಿ ನಾನು ಒಂದು ನಕ್ಷೆಯ ಹಿಂಬದಿ ನೋಡದೆ ಸಹಿ ಹಾಕಿದವನಲ್ಲ.

ಪಠ್ಯಕ್ರಮ ಬದಲಾದರೆ ಏನು ಅನ್ನುವುದಕ್ಕೆ, ವಾಪಸ್ ಕೊಡದವರ ವಿಷಯಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಅದನ್ನು ಹಾಗೇ ಹೇಳಿದೆ.

---

ಇರುಳಪಾಳಿ

ಪಾಳಿಯ ನಡುವೆ ಓದಿದೆ, ಕಣ್ಣು ತುಂಬಿ ಬಂತು. ಅವಳು ಹಾಳೆ ಇಟ್ಟುಕೊಂಡಿದ್ದಳು ಅನ್ನುವುದನ್ನು ಮರೆಯಬೇಡಿ. ಹರಿದು ಹಾಕಿರಲಿಲ್ಲ.

---

ಒಪ್ಪದವನು

ನಕ್ಷೆಗಾರರೇ, ಆ ಎರಡು ಉತ್ತರವಿಲ್ಲದ ಪ್ರಶ್ನೆಗಳನ್ನು ಬಿಟ್ಟುಬಿಡಬೇಡಿ. ಅವು ನಿಜವಾದ ಪ್ರಶ್ನೆಗಳು. ಮೆತ್ತಗಾಗುವ ಭರದಲ್ಲಿ ಅವನ್ನು ನುಂಗಿಕೊಂಡರೆ ಮುಂದಿನ ವರ್ಷ ಅವಳೇ ಒಬ್ಬಳೇ ಎದುರಿಸಬೇಕಾಗುತ್ತದೆ.

---

ನಕ್ಷೆಗಾರ

ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಅವಳೇ ಬಂದು ಕೇಳಿದಳು, ಯಾರು ಯಾವ ಪುಸ್ತಕ ತೆಗೆದುಕೊಂಡರು ಅಂತ ಬರೆಯುವ ದಾಖಲೆ ಪುಸ್ತಕಕ್ಕೆ ಕಾಲಂ ಎಷ್ಟು ಬೇಕು ಅಂತ. ಭಾನುವಾರ ಕೂತು ಗೆರೆ ಎಳೆಯುತ್ತೇವೆ. ವಾಪಸ್ ಬಂದ ದಿನಾಂಕಕ್ಕೆ ಒಂದು ಕಾಲಂ ಬೇಕು ಅಂತ ನಾನಂದೆ. ಅದರ ಪಕ್ಕದಲ್ಲಿ ಇನ್ನೊಂದು ಬೇಕು, ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳಿ ಬರೆಯಲು, ಅಂತ ಅವಳಂದಳು.